ಬಿಸಿನೀರಿನ ಮೂರ್ಛೆ ಮತ್ತು ನಮ್ಮ ನರವ್ಯೂಹ

ಶುಕ್ರವಾರ ಬಂತೆಂದರೆ ನಮ್ಮ ಮನೆಗಳಲ್ಲಿ ಬೆಳಗಿನಿಂದಲೇ ಸಡಗರ. ಮಕ್ಕಳ ತಲೆಗೆ ಎಣ್ಣೆ ಹಚ್ಚುವುದು, ನೀರು ಕಾಯಿಸುವುದು, ಒಬ್ಬರಾದ ಮೇಲೆ ಒಬ್ಬರನ್ನು ಬಚ್ಚಲಿಗೆ ಕರೆದು ಚೊಂಬಿನ ಮೇಲೆ ಚೊಂಬು ಬಿಸಿನೀರು ಹೊಯ್ಯುವುದು. ಗೀಸರ್ ಬಂದ ಮೇಲೆ ಹಂಡೆ ಹೋಯಿತು, ಆದರೆ ನೀರು ಹೊಯ್ಯುವ ರೀತಿ ಬದಲಾಗಿಲ್ಲ. ತಲೆಗೆ ಹಾಕುವ ನೀರು ಸುಡುವಷ್ಟು ಬಿಸಿ ಇದ್ದರೇನೇ ಸ್ನಾನ ಮಾಡಿದ ಹಾಗೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ನಾವೂ ಹಾಗೆಯೇ ತಿಳಿದಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ತಿಲಕ್ ನಗರದಲ್ಲಿ ನನ್ನ ಬಳಿ ಓದಲು ಬರುತ್ತಿದ್ದ ಹತ್ತು ವರ್ಷದ ಹುಡುಗಿಯ ತಾಯಿ ಒಂದು ಸಂಜೆ ಬಂದು ಕುಳಿತರು. ಮಗಳು ಆಡಲು ಹೊರಗೆ ಹೋಗುವವರೆಗೆ ಕಾದು, ಮೆಲ್ಲನೆ ಹೇಳಿದರು: “ಆಪಾ, ಜುಮಾ ದಿನವೇ ಇವಳಿಗೆ ಹೀಗಾಗುತ್ತದೆ. ತಲೆಗೆ ನಾಲ್ಕು ಚೊಂಬು ನೀರು ಬೀಳುತ್ತಿದ್ದಂತೆ ಕಣ್ಣು ಒಂದೇ ಕಡೆ ನಿಂತುಬಿಡುತ್ತದೆ. ಕರೆದರೆ ಓಗೊಡುವುದಿಲ್ಲ. ಏನೇನೋ ಅರ್ಥವಿಲ್ಲದ ಮಾತು. ಎರಡು ನಿಮಿಷ ಕಳೆದರೆ ಏನೂ ಆಗದವಳಂತೆ ಎದ್ದು ಬರುತ್ತಾಳೆ. ಒಮ್ಮೆ ಮಾತ್ರ ಕೈಕಾಲು ಬಡಿದುಕೊಂಡು ಬಿದ್ದಳು.”

ಅವರು ಅಷ್ಟರಲ್ಲೇ ಒಬ್ಬ ಆಮಿಲರ ಬಳಿಗೆ ಹೋಗಿ ಬಂದಿದ್ದರು. ಬಚ್ಚಲಿನಲ್ಲಿ ಜಿನ್ನ್ ಸೋಂಕಿದೆ, ಜುಮಾದ ಬರಕತ್ತು ಅದಕ್ಕೆ ಆಗಿಬರುವುದಿಲ್ಲ, ಅದಕ್ಕೇ ಅಂದೇ ಕಾಡುತ್ತದೆ ಎಂದು ಹೇಳಿ ತಾಯಿತ ಕಟ್ಟಿ ಕಳುಹಿಸಿದ್ದರು. ಕೇಳಿದರೆ ನಿಜವೆನ್ನಿಸುವ ಮಾತು. ಬಚ್ಚಲಿಗೆ ಹೋಗುವಾಗ ಓದುವ ದುಆವನ್ನು ನಾವೇ ಮಕ್ಕಳಿಗೆ ಕಲಿಸುತ್ತೇವಲ್ಲ! ಒಂದು ವಿಷಯ ಒಪ್ಪಿಕೊಳ್ಳಬೇಕು. ಅಂದು ನಾನೂ ಕುರ್‌ಆನಿನ ಕೆಲವು ಸೂಕ್ತಗಳನ್ನು ಓದಿ ಹುಡುಗಿಯ ಮೇಲೆ ದಮ್ ಮಾಡಿ ಕಳುಹಿಸಿದೆ. ಆ ಮನೆಯಲ್ಲಿ ತಲೆಗೆ ಸ್ನಾನ ಮಾಡುವುದು ವಾರಕ್ಕೊಮ್ಮೆ, ಶುಕ್ರವಾರ ಮಾತ್ರ ಎಂಬುದು ನನಗೆ ಹೊಳೆಯಲೇ ಇಲ್ಲ.

ಅದು ಹೊಳೆದದ್ದು ಮಗುವನ್ನು ಪರೀಕ್ಷಿಸಿದ ವೈದ್ಯರಿಗೆ. ಅವರು ಕೇಳಿದ ಮೊದಲ ಪ್ರಶ್ನೆಗಳಲ್ಲೊಂದು, “ತಲೆಗೆ ಎಷ್ಟು ಬಿಸಿ ನೀರು ಹಾಕುತ್ತೀರಿ?” ಎಂಬುದು. ಈ ಪ್ರಶ್ನೆ ಕೇಳಲು ಬೆಂಗಳೂರಿನ ವೈದ್ಯರಿಗೆ ಕಾರಣವಿದೆ. ಬಿಸಿನೀರಿನ ಮೂರ್ಛೆ ಎಂಬ ಈ ಕಾಯಿಲೆ ಜಗತ್ತಿನಲ್ಲಿ ಅಪರೂಪ. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲ ವರದಿ ಬಂತು. ಜಪಾನ್, ಟರ್ಕಿ ಮೊದಲಾದ ಕಡೆ ಕೆಲವರಲ್ಲಿ ಕಂಡಿದೆ. ಆದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ ಇದು ಸಾಮಾನ್ಯ ಎನ್ನುವಷ್ಟು ಇದೆ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಜೊತೆಗಾರರು 279 ರೋಗಿಗಳ ವಿವರಗಳನ್ನು ಪ್ರಕಟಿಸಿದಾಗ ಹೊರದೇಶದ ವೈದ್ಯರೂ ಇದರ ಕಡೆ ಗಮನ ಹರಿಸಿದರು. ಅಂದರೆ ಜಯನಗರದಿಂದ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿರುವ ಆಸ್ಪತ್ರೆಗೆ ಚೆನ್ನಾಗಿ ಗೊತ್ತಿರುವ ಕಾಯಿಲೆಗೆ ನಾವು ಬಚ್ಚಲಿನಲ್ಲಿ ಜಿನ್ನನ್ನು ಹುಡುಕುತ್ತಿದ್ದೆವು.

ಪ್ರಿಯ ಸಹೋದರಿಯರೇ, ಮಗುವಿನ ತಲೆಗೆ ನೀರು ಬಿದ್ದರೆ ಕಣ್ಣೇಕೆ ನಿಲ್ಲಬೇಕು, ಮಾತೇಕೆ ತಪ್ಪಬೇಕು? ಇದು ತಿಳಿಯಬೇಕಾದರೆ ಅಲ್ಲಾಹನು ನಮ್ಮ ಶರೀರದೊಳಗೆ ಹೆಣೆದಿಟ್ಟ ನರವ್ಯೂಹದ ಪರಿಚಯ ಸ್ವಲ್ಪವಾದರೂ ಬೇಕು.

ಅಡುಗೆಮನೆಯಿಂದಲೇ ಶುರು ಮಾಡೋಣ. ರೊಟ್ಟಿ ತಿರುವಿ ಹಾಕುವಾಗ ಬೆರಳು ಕಾದ ಹಂಚಿಗೆ ತಗಲುತ್ತದೆ. ಕೈ ತಟ್ಟನೆ ಹಿಂದಕ್ಕೆ ಬರುತ್ತದೆ, “ಅಯ್ಯೋ” ಎಂಬ ಉದ್ಗಾರ ಆಮೇಲೆ. ಉರಿ ಅದಕ್ಕೂ ಆಮೇಲೆ. ಕೈ ಎಳೆದುಕೊಳ್ಳುವ ಆಜ್ಞೆ ಮಿದುಳಿನಿಂದ ಬಂದದ್ದಲ್ಲ, ಬೆನ್ನೆಲುಬಿನ ಒಳಗೆ ಇಳಿದಿರುವ ಮಿದುಳುಬಳ್ಳಿಯಿಂದ ಬಂದದ್ದು. ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದವಿರುವ ಈ ಬಳ್ಳಿಯಿಂದ 31 ಜೋಡಿ ನರಗಳು ಹೊರಟು ಕೈ, ಕಾಲು, ಎದೆ, ಹೊಟ್ಟೆಗಳಿಗೆ ಹೋಗುತ್ತವೆ. ಮಿದುಳಿನಿಂದಲೇ ನೇರವಾಗಿ ಹೊರಡುವ ನರಗಳು 12 ಜೋಡಿ. ಕಣ್ಣು, ಕಿವಿ, ಮೂಗು, ನಾಲಿಗೆ, ಮುಖ ಇವುಗಳ ಕೆಲಸ ಹೆಚ್ಚಾಗಿ ಅವುಗಳದ್ದು. ಅಪಾಯದ ಹೊತ್ತಿನಲ್ಲಿ ಮಿದುಳಿನ ಅಪ್ಪಣೆಗೆ ಕಾಯುತ್ತಾ ಕುಳಿತರೆ ಬೆರಳು ಸುಟ್ಟುಹೋದೀತು. ಅದಕ್ಕಾಗಿ ಈ ಹತ್ತಿರದ ದಾರಿ.

ಎಲ್ಲ ನರತಂತುಗಳ ವೇಗವೂ ಒಂದೇ ಅಲ್ಲ. ಕೊಬ್ಬಿನ ಹೊದಿಕೆ ದಪ್ಪಗಿರುವ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ 120 ಮೀಟರ್‌ವರೆಗೂ ಓಡುತ್ತದೆ. ಗಂಟೆಗೆ ಲೆಕ್ಕ ಹಾಕಿದರೆ 400 ಕಿಲೋಮೀಟರಿಗೂ ಹೆಚ್ಚು! ಉರಿಯ ಸುದ್ದಿ ಒಯ್ಯುವ ತೆಳ್ಳಗಿನ ತಂತುಗಳಿಗೆ ಆ ಹೊದಿಕೆ ಇಲ್ಲ. ಅವುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರ್, ನಾವು ನಡೆಯುವ ವೇಗ. ಉರಿ ತಡವಾಗಿ ಬರುವುದು ಇದಕ್ಕೇ.

ಬಿಸಿ ಎಂಬುದು ಚರ್ಮಕ್ಕೆ ಹೇಗೆ ತಿಳಿಯುತ್ತದೆ? ನರದ ತುದಿಯಲ್ಲಿ ಬಾಗಿಲಿನಂಥ ಚಿಕ್ಕ ಚಿಕ್ಕ ರಚನೆಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ಅವುಗಳಲ್ಲಿ ಒಂದು ಬಗೆಯ ಬಾಗಿಲು ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರ ತಾಗಿದರೂ ಅದೇ ಬಾಗಿಲು ತೆರೆಯುತ್ತದೆ. ಮೆಣಸಿನಕಾಯಿ ಹೆಚ್ಚಿದ ಕೈ ‘ಉರಿಯುತ್ತಿದೆ’ ಎನ್ನುತ್ತೇವಲ್ಲ, ಅದು ಬರೀ ಮಾತಿಗಲ್ಲ, ನರಕ್ಕೆ ಎರಡೂ ಒಂದೇ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಈಗ ಮಿದುಳಿಗೆ ಬರೋಣ. ದೊಡ್ಡವರ ಮಿದುಳಿನ ತೂಕ ಒಂದೂಕಾಲರಿಂದ ಒಂದೂವರೆ ಕಿಲೋ ಒಳಗೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ನಾವು ಉಸಿರಾಡಿದ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲು ಅದಕ್ಕೇ ಬೇಕು. ನಿಮ್ಹಾನ್ಸ್‌ನಲ್ಲಿ ಮಿದುಳಿನ ವಸ್ತುಸಂಗ್ರಹಾಲಯವೊಂದಿದೆ. ಅಲ್ಲಿ ಮನುಷ್ಯರ ಮಿದುಳುಗಳನ್ನು ಗಾಜಿನ ಪಾತ್ರೆಗಳಲ್ಲಿ ಇಟ್ಟಿದ್ದಾರೆ, ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಲೂ ಕೊಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಲಾಲ್‌ಬಾಗ್ ನೋಡಿ ಬರುವುದಕ್ಕಿಂತ ಇದರಿಂದ ಲಾಭ ಹೆಚ್ಚು ಎಂದು ನನ್ನ ಅಭಿಪ್ರಾಯ.

ಆ ಮುದ್ದೆಯೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶ ಕೆಲಸ ಮಾಡುವುದು ವಿದ್ಯುತ್ತಿನಿಂದ, ಆ ವಿದ್ಯುತ್ತು ಹುಟ್ಟುವುದು ಉಪ್ಪಿನಿಂದ. ಉಪ್ಪಿನಲ್ಲಿರುವ ಸೋಡಿಯಂ ಕಣಗಳು ಕೋಶದ ಹೊರಗೆ ಹೆಚ್ಚು, ಪೊಟ್ಯಾಸಿಯಂ ಕಣಗಳು ಒಳಗೆ ಹೆಚ್ಚು. ಅಪ್ಪಣೆ ಬಂದಾಗ ಸೋಡಿಯಂ ಒಳಗೆ ನುಗ್ಗುತ್ತದೆ, ಸಾವಿರದಲ್ಲೊಂದು ಸೆಕೆಂಡಿನಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ತಂತುವಿನ ಉದ್ದಕ್ಕೂ ಓಡುತ್ತದೆ. ತುದಿಯಲ್ಲಿ ಅದು ಒಂದು ರಾಸಾಯನಿಕವನ್ನು ಸುರಿಸಿ ಪಕ್ಕದ ಕೋಶವನ್ನು ಎಬ್ಬಿಸುತ್ತದೆ ಅಥವಾ ಸುಮ್ಮನಾಗಿಸುತ್ತದೆ. ಎಬ್ಬಿಸುವುದರಲ್ಲಿ ಮುಖ್ಯವಾದದ್ದು ಗ್ಲುಟಮೇಟ್. ಸುಮ್ಮನಾಗಿಸುವುದರಲ್ಲಿ ಮುಖ್ಯವಾದದ್ದು ಗಾಬಾ.

ಇವೆರಡೂ ಸರಿಸಮವಾಗಿ ಇರಬೇಕು. ನಾನು ಇದನ್ನು ಮದ್ರಸದ ತರಗತಿಗೆ ಹೋಲಿಸುತ್ತೇನೆ. ನಲವತ್ತು ಮಕ್ಕಳು ಕುಳಿತು ಅವರವರ ಪಾಠ ಓದುತ್ತಿರುತ್ತಾರೆ. ಕೇಳುವವರಿಗೆ ಗದ್ದಲ, ಆದರೆ ಪ್ರತಿಯೊಬ್ಬರ ಸಬಕ್ ಬೇರೆ, ಕೆಲಸ ನಡೆಯುತ್ತಿರುತ್ತದೆ. ಎಲ್ಲಾದರೂ ಒಂದು ಮೂಲೆಯ ಹತ್ತು ಮಕ್ಕಳು ಒಂದೇ ಶಬ್ದವನ್ನು ಒಟ್ಟಿಗೆ ಕೂಗಲು ಶುರು ಮಾಡಿ, ಆ ಕೂಗು ಇಡೀ ತರಗತಿಗೆ ಹಬ್ಬಿತೆನ್ನಿ. ಆಗ ಯಾರ ಪಾಠವೂ ಇಲ್ಲ. ಮೂರ್ಛೆ ಎಂದರೆ ಇದೇ. ಮಿದುಳಿನ ಒಂದು ಭಾಗದ ಕೋಶಗಳು ತಡೆಯಿಲ್ಲದೆ ಒಟ್ಟಿಗೆ ಮಿಡಿಯುತ್ತವೆ. ಕೂಗು ಮೂಲೆಯಲ್ಲೇ ನಿಂತರೆ ಕಣ್ಣು ನಿಲ್ಲುವುದು, ತಡವರಿಸುವುದು, ಕಾರಣವಿಲ್ಲದ ಭಯ, ಇಲ್ಲದ ಸದ್ದು ಕೇಳಿಸುವುದು. ಇಡೀ ಮಿದುಳಿಗೆ ಹಬ್ಬಿದರೆ ಕೈಕಾಲು ಸೆಟೆದು ಬಡಿದುಕೊಳ್ಳುವುದು. ನಮ್ಮವರು ಮಿರ್ಗಿ ಎನ್ನುವುದು ಇದನ್ನೇ. ಎರಡನೆಯದು ಎಲ್ಲರಿಗೂ ಗೊತ್ತು. ಮೊದಲನೆಯದು ಮೂರ್ಛೆ ಎಂದು ಬಹಳ ತಾಯಂದಿರಿಗೆ ಗೊತ್ತಿಲ್ಲ, ಜಿನ್ನ್ ಎಂದು ತಿಳಿಯುವುದು ಹೆಚ್ಚಾಗಿ ಇದನ್ನೇ. ಇಲ್ಲದ್ದನ್ನು ಕಂಡೆ, ಕೇಳಿದೆ ಎಂದು ಮಗು ಹೇಳಿದರೆ ಯಾರಿಗೆ ತಾನೇ ಹೆದರಿಕೆ ಆಗುವುದಿಲ್ಲ?

ಬಿಸಿನೀರಿನ ಮೂರ್ಛೆಯಲ್ಲಿ ನಡೆಯುವುದಿಷ್ಟು. ತಲೆಯ ಚರ್ಮದ ಮುಂಭಾಗದ ಸುದ್ದಿಯನ್ನು ಮುಖದ ನರವೂ ಹಿಂಭಾಗದ ಸುದ್ದಿಯನ್ನು ಕತ್ತಿನ ನರಗಳೂ ಒಯ್ಯುತ್ತವೆ. 40ರಿಂದ 50 ಡಿಗ್ರಿ ಬಿಸಿಯ ನೀರನ್ನು ಚೊಂಬಿನಿಂದ ಬಿಡುವಿಲ್ಲದೆ ಹೊಯ್ದಾಗ, ಬಿಸಿಯ ಸುದ್ದಿ ಮತ್ತು ನೀರಿನ ಹೊಡೆತದ ಸುದ್ದಿ ಎರಡೂ ಒಟ್ಟಿಗೆ ಮಿದುಳಿಗೆ ನುಗ್ಗುತ್ತವೆ. ಹೆಚ್ಚಿನವರ ಮಿದುಳು ಅದನ್ನು ಸಹಿಸುತ್ತದೆ. ಕೆಲವರ ಮಿದುಳಿನಲ್ಲಿ ತಾಪವನ್ನು ಸಂಭಾಳಿಸುವ ವ್ಯವಸ್ಥೆ ಹುಟ್ಟಿನಿಂದಲೇ ಸೂಕ್ಷ್ಮವಾಗಿರುತ್ತದೆ ಎಂಬುದು ವೈದ್ಯರ ಅಂದಾಜು. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಇರುವುದುಂಟು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್ ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕೆಲವರಲ್ಲಿ ಒಂದು ವಂಶವಾಹಿಯ ಅಪರೂಪದ ಬದಲಾವಣೆ ಕಂಡಿತು. ಆ ವಂಶವಾಹಿಯ ಕೆಲಸ ಏನು ಗೊತ್ತೇ? ಸುರಿದ ಗ್ಲುಟಮೇಟನ್ನು ಬಾಚಿ ಒಳಗೆ ಸೇರಿಸಿಕೊಳ್ಳುವುದು. ಕೂಗು ನಿಲ್ಲಿಸುವ ಕೆಲಸದಲ್ಲಿ ಅದಕ್ಕೂ ಪಾಲಿದೆ.

ಇದು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಮೈಗೆ ಮಾತ್ರ ಸ್ನಾನ ಮಾಡಿದರೆ ಸಾಮಾನ್ಯವಾಗಿ ಬರುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖ ಅನ್ನಿಸಿ, ಮತ್ತೆ ಮತ್ತೆ ನೀರು ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ಮಗು ಬಚ್ಚಲಿನಿಂದ ಹೊರಗೆ ಬರುತ್ತಲೇ ಇಲ್ಲವೆಂದರೆ ಗದರುವ ಮೊದಲು ಒಮ್ಮೆ ನೋಡಿ. ಮೂರ್ಛೆ ಇಲ್ಲದ ಹೊತ್ತಿನಲ್ಲಿ ಮಿದುಳಿನ ವಿದ್ಯುತ್ ಪರೀಕ್ಷೆ, ಅಂದರೆ ಇಇಜಿ, ಮಾಡಿಸಿದರೆ ಬಹಳ ಮಂದಿಯಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ತಾಯಿ ಕಂಡದ್ದನ್ನು ಕಂಡ ಹಾಗೆ ಹೇಳುವುದೇ ಇಲ್ಲಿ ದೊಡ್ಡ ಪರೀಕ್ಷೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಇನ್ನೊಬ್ಬರು ಮಗುವನ್ನು ಹಿಡಿದುಕೊಂಡಿದ್ದರೆ, ಮಾನ ಮುಚ್ಚಿ, ಮುಖ ಮತ್ತು ಕೈಗಳಷ್ಟನ್ನು ಅರ್ಧ ನಿಮಿಷ ಚಿತ್ರೀಕರಿಸಿದರೆ ವೈದ್ಯರಿಗೆ ಬಹಳ ಸಹಾಯ.

ಚಿಕಿತ್ಸೆ? ಅನೇಕರಿಗೆ ನೀರಿನ ಬಿಸಿ ಇಳಿಸಿದರೇ ಸಾಕು. ಉಗುರುಬೆಚ್ಚಗಿನ ನೀರು, ಮೊದಲು ಮೈಗೆ, ಆಮೇಲೆ ತಲೆಗೆ ಸ್ವಲ್ಪ ಸ್ವಲ್ಪವಾಗಿ, ನಡುವೆ ಬಿಡುವು ಕೊಟ್ಟು. ಅದರಿಂದ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದು ಒಂದೂವರೆ ಗಂಟೆ ಮೊದಲು ತೆಗೆದುಕೊಳ್ಳುವ ಮಾತ್ರೆ ಬರೆದುಕೊಡುತ್ತಾರೆ. ಒಂದಷ್ಟು ಮಂದಿಗೆ ಮುಂದೆ ನೀರಿನ ಸಂಬಂಧವಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ, ಅವರಿಗೆ ದಿನವೂ ಔಷಧ ಬೇಕು. ಆದ್ದರಿಂದ ‘ನೀರು ತಣ್ಣಗೆ ಮಾಡಿದೆವು, ಆಯಿತು’ ಎಂದು ವೈದ್ಯರನ್ನು ಕಾಣದೆ ಇರಬೇಡಿ.

“ಗುಸ್ಲ್ ಹೇಗೆ ಆಪಾ?” ಎಂದು ಆ ತಾಯಿ ಕೇಳಿದ್ದರು. ಗುಸ್ಲ್‌ಗೆ ನೀರು ಶುದ್ಧವಾಗಿರಬೇಕು, ಇಡೀ ಶರೀರಕ್ಕೆ ತಲುಪಬೇಕು. ಬಿಸಿಯಾಗಿರಬೇಕೆಂದು ಎಲ್ಲಿಯೂ ಇಲ್ಲ. ಮೊದಲು ತಲೆಗೆ ಮೂರು ಸಲ ಹೊಯ್ಯುವ ಕ್ರಮ ಸುನ್ನತ್ತಾಗಿದೆ, ಫರ್ಝ್ ಅಲ್ಲ. ಕಾಯಿಲೆಯ ಕಾರಣದಿಂದ ಕ್ರಮ ಬದಲಾದರೆ ಗುಸ್ಲ್ ಕೆಡುವುದಿಲ್ಲ. ಪ್ರಜ್ಞೆ ತಪ್ಪಿದರೆ ಮಾತ್ರ ವುಝೂ ಹೋಗುತ್ತದೆ, ಎಚ್ಚರವಾದ ಮೇಲೆ ಮತ್ತೆ ಮಾಡಿಕೊಳ್ಳಬೇಕು.

ಈಗ ಜಿನ್ನಿನ ಮಾತು. ಜಿನ್ನ್ ಇರುವುದನ್ನು ಕುರ್‌ಆನ್ ಹೇಳಿದೆ, ಅದನ್ನು ಅಲ್ಲಗಳೆಯುವ ಪ್ರಶ್ನೆಯೇ ಇಲ್ಲ. ಆದರೆ ನಮ್ಮ ಉಲಮಾಗಳು ಮೂರ್ಛೆಯೆಲ್ಲ ಜಿನ್ನಿನದೇ ಎಂದು ಹೇಳಿದವರಲ್ಲ. ಇಬ್ನುಲ್ ಖಯ್ಯಿಮ್ ‘ಝಾದುಲ್ ಮಆದ್’ ಗ್ರಂಥದಲ್ಲಿ ಮೂರ್ಛೆಯನ್ನು ಎರಡು ಬಗೆಯೆಂದು ವಿಂಗಡಿಸಿ, ಶರೀರದ ದೋಷದಿಂದ ಬರುವ ಬಗೆಯನ್ನು ವೈದ್ಯರು ಚರ್ಚಿಸಿ ಚಿಕಿತ್ಸೆ ಮಾಡುವಂಥದ್ದು ಎಂದು ಬಿಟ್ಟುಕೊಟ್ಟಿದ್ದಾರೆ. ಅವರಿಗಿಂತ ಮುನ್ನೂರು ವರ್ಷ ಮೊದಲೇ ಇಬ್ನ್ ಸೀನಾ ತಮ್ಮ ‘ಖಾನೂನ್’ನಲ್ಲಿ ಇದನ್ನು ಮಿದುಳಿನ ಕಾಯಿಲೆಗಳ ಸಾಲಿನಲ್ಲಿ ಸೇರಿಸಿದ್ದರು. ಏಳೆಂಟು ಶತಮಾನಗಳ ಹಿಂದಿನ ವಿದ್ವಾಂಸರು ವೈದ್ಯರಿಗೆ ಬಿಟ್ಟದ್ದನ್ನು ಇಂದಿನ ಆಮಿಲರು ಬಿಡುತ್ತಿಲ್ಲ. ದುಆ ಮಾಡಿ, ಓದಿ ಊದಿ, ಬೇಡವೆನ್ನುವುದಿಲ್ಲ. ಆದರೆ ಅದರ ಹೆಸರಿನಲ್ಲಿ ಮಗುವಿಗೆ ಹೊಗೆ ಹಾಕುವುದು, ಹೊಡೆಯುವುದು, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವುದು ಶುದ್ಧ ಅನ್ಯಾಯ. ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಮೂರ್ಛೆ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ಮೂರ್ಛೆಯಿದ್ದ ಒಬ್ಬ ಮಹಿಳೆಯ ಪ್ರಸ್ತಾಪ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಇಬ್ನು ಅಬ್ಬಾಸ್(ರ) ತಮ್ಮ ಶಿಷ್ಯರಾದ ಅತಾ ಅವರಿಗೆ ಒಬ್ಬ ಕಪ್ಪು ಮಹಿಳೆಯನ್ನು ತೋರಿಸಿ, ಆಕೆ ಸ್ವರ್ಗದವಳೆಂದು ತಿಳಿಸಿದರು. ಆಕೆ ಪ್ರವಾದಿ(ಸ)ಯವರ ಬಳಿಗೆ ಬಂದು, ತನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿದುಹೋಗುತ್ತದೆ, ದುಆ ಮಾಡಿ ಎಂದು ಕೇಳಿಕೊಂಡಿದ್ದರು. ಸಹನೆ ವಹಿಸಿದರೆ ಸ್ವರ್ಗ, ಬಯಸಿದರೆ ಗುಣವಾಗಲೆಂದು ದುಆ ಮಾಡುವೆ ಎಂದು ಪ್ರವಾದಿ(ಸ) ಆಯ್ಕೆಯನ್ನು ಆಕೆಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡು, ಬಟ್ಟೆ ಮಾತ್ರ ಸರಿಯದಿರಲಿ ಎಂದು ದುಆ ಮಾಡಿಸಿಕೊಂಡರು. ಪ್ರವಾದಿ(ಸ) ಆಕೆಯನ್ನು ದೂರವಿಡಲಿಲ್ಲ. ಸಹನೆಯ ಮಾತನ್ನು ಹಿಡಿದು ಔಷಧ ಬೇಡವೆನ್ನುವವರು, ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಅದೇ ಪ್ರವಾದಿ(ಸ) ಹೇಳಿದ್ದನ್ನೂ ನೆನಪಿಡಬೇಕು.

ಆ ಮಹಿಳೆಯ ಚಿಂತೆ ಇಂದಿಗೂ ನಮ್ಮ ಹೆಣ್ಣುಮಕ್ಕಳ ಚಿಂತೆ. ರಸ್ತೆಯಲ್ಲಿ, ಬಸ್ಸಿನಲ್ಲಿ ಯಾರಾದರೂ ಹೀಗೆ ಬಿದ್ದರೆ ಮೊದಲು ಒಂದು ದುಪಟ್ಟಾ ಹೊದಿಸಿ, ಜನರನ್ನು ದೂರ ಸರಿಸಿ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಕತ್ತಿನ ಬಳಿ ಬಿಗಿದ ಸ್ಕಾರ್ಫಿನ ಪಿನ್ನು ಸಡಿಲಿಸಿ, ಒಂದು ಮಗ್ಗುಲಿಗೆ ಹೊರಳಿಸಿ. ಕೈಯಲ್ಲಿ ಬೀಗದ ಕೈ ಹಿಡಿಸುವುದು, ಈರುಳ್ಳಿ, ಚಪ್ಪಲಿ ಮೂಸಿಸುವುದು ಯಾವುದೂ ಬೇಡ. ಬಾಯಿಗೆ ಚಮಚ ತುರುಕಬೇಡಿ, ಹಲ್ಲು ಮುರಿದೀತು. ಪೂರ್ತಿ ಎಚ್ಚರವಾಗುವವರೆಗೆ ನೀರು ಕುಡಿಸಬೇಡಿ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ. ಮೂರ್ಛೆಯಿರುವವರು ಬಚ್ಚಲಿನ ಚಿಲಕ ಹಾಕಿಕೊಳ್ಳಬಾರದು. ಹೊರಗೆ ತಾಯಿಯೋ ಅಕ್ಕನೋ ಕಾವಲಿದ್ದರೆ ಮರ್ಯಾದೆಗೂ ಕುಂದಿಲ್ಲ.

ಬಿಸಿನೀರಿನದು ಮೂರ್ಛೆಯ ಒಂದು ಬಗೆ ಮಾತ್ರ. 1993ರಿಂದ 1995ರವರೆಗೆ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮನೆಮನೆ ಸಮೀಕ್ಷೆ ನಡೆಸಿದರು. ಸಾವಿರಕ್ಕೆ ಸುಮಾರು ಒಂಬತ್ತು ಮಂದಿಗೆ ಮೂರ್ಛೆರೋಗ ಇತ್ತು, ಹಳ್ಳಿಗಳಲ್ಲಿ ನಗರದ ಎರಡರಷ್ಟು. ನಮ್ಮ ದೇಶದಲ್ಲಿ ಮೂರ್ಛೆಗೆ ಇನ್ನೊಂದು ಮುಖ್ಯ ಕಾರಣ, ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ ಮಿದುಳಿನಲ್ಲಿ ಗಂಟಾಗುವುದು. ‘ನಾವು ಹಂದಿಮಾಂಸ ತಿನ್ನುವವರಲ್ಲ, ನಮಗೆ ಅದು ಬರುವುದಿಲ್ಲ’ ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ತಪ್ಪು. ಮೊಟ್ಟೆ ಬರುವುದು ಮನುಷ್ಯರ ಮಲ ಸೇರಿದ ನೀರಿನಿಂದ, ಅಂಥ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಯಿಂದ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಕಾಯಿಯನ್ನು ಚೆನ್ನಾಗಿ ತೊಳೆಯಿರಿ.

ರಮಝಾನಿನಲ್ಲಿ ಮಾತ್ರೆ ತಪ್ಪುವುದು, ಸಹರಿಗೆಂದು ನಿದ್ದೆ ಕೆಡುವುದು ಎರಡೂ ಮೂರ್ಛೆಯನ್ನು ಎಬ್ಬಿಸುತ್ತವೆ. ಸಹರಿ ಮತ್ತು ಇಫ್ತಾರಿನ ಹೊತ್ತಿಗೆ ಮಾತ್ರೆ ಹೊಂದಿಸಲು ಆಗುತ್ತದೆಯೇ ಎಂದು ತಿಂಗಳ ಮೊದಲೇ ವೈದ್ಯರನ್ನು ಕೇಳಿ. ಆಗದಿದ್ದರೆ ರೋಗಿಗಳಿಗೆ ಕುರ್‌ಆನ್ ಕೊಟ್ಟ ರಿಯಾಯಿತಿ ಇದೆ. ಗರ್ಭಿಣಿಯಾಗಬಯಸುವವರೂ ಅಷ್ಟೇ. ಈ ರೋಗದ ಕೆಲವು ಮಾತ್ರೆಗಳು, ವಿಶೇಷವಾಗಿ ವಾಲ್ಪ್ರೊಯೇಟ್, ಹೊಟ್ಟೆಯೊಳಗಿನ ಮಗುವಿಗೆ ಒಳ್ಳೆಯದಲ್ಲ. ಮೊದಲೇ ಹೇಳಿದರೆ ಬೇರೆ ಮಾತ್ರೆಗೆ ಬದಲಿಸುತ್ತಾರೆ.

ಕೊನೆಗೆ ಮದುವೆಯ ವಿಷಯ, ಎಲ್ಲ ತಾಯಂದಿರ ಎದೆಯಲ್ಲಿ ಇರುವುದು ಅದೇ. ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿಯೆಂದು ಇದ್ದದ್ದನ್ನು 1999ರಲ್ಲಿ ತೆಗೆದುಹಾಕಲಾಯಿತು. ನಿಕಾಹ್‌ಗೆ ಇದು ಎಂದೂ ಅಡ್ಡಿಯಾಗಿರಲಿಲ್ಲ. ಸರಿಯಾಗಿ ಚಿಕಿತ್ಸೆ ಪಡೆದರೆ ಹತ್ತರಲ್ಲಿ ಏಳು ಮಂದಿ ಮೂರ್ಛೆಯಿಲ್ಲದೆ ಬಾಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಚ್ಚಿಟ್ಟು ಮದುವೆ ಮಾಡಿದರೆ ಹುಡುಗಿ ಅತ್ತೆಮನೆಯಲ್ಲಿ ಮಾತ್ರೆಯನ್ನೂ ಬಚ್ಚಿಡಬೇಕಾಗುತ್ತದೆ, ಬಚ್ಚಿಟ್ಟ ಮಾತ್ರೆ ಒಂದು ದಿನ ತಪ್ಪುತ್ತದೆ. ಹೇಳಿಯೇ ಮಾಡಿ ಎಂದು ನನ್ನ ಸಲಹೆ. ಅದನ್ನು ಪಾಲಿಸುವುದು ಎಷ್ಟು ಕಷ್ಟ ಎಂಬುದೂ ನನಗೆ ಗೊತ್ತು.

ಆ ಹುಡುಗಿಯ ತಾಯಿಯೂ ನಿಮ್ಹಾನ್ಸ್ ಎಂದೊಡನೆ ಹಿಂಜರಿದಿದ್ದರು. “ಅದು ಹುಚ್ಚಾಸ್ಪತ್ರೆಯಲ್ಲವೇ ಆಪಾ? ಗಲ್ಲಿಯವರು ನೋಡಿದರೆ?” ಎಂದು. ಅಲ್ಲಿ ಮನೋರೋಗದ ವಿಭಾಗ ಇರುವ ಹಾಗೆ ನರರೋಗದ ವಿಭಾಗವೂ ಇದೆ, ಲಕ್ವ ಹೊಡೆದವರು, ತಲೆಗೆ ಪೆಟ್ಟು ಬಿದ್ದವರು ಎಲ್ಲರೂ ಬರುತ್ತಾರೆ ಎಂದು ವಿವರಿಸಿ, ಜೊತೆಗೆ ನಾನೂ ಹೊರಟೆ. ಬೆಳಿಗ್ಗೆ ಬೇಗ ಹೋಗಿ ಚೀಟಿಗೆ ನಿಂತೆವು. ಸಾಲಿನಲ್ಲಿ ನಮ್ಮ ಮುಂದೆ ಇಬ್ಬರು ಬುರ್ಖಾ ಧರಿಸಿದವರಿದ್ದರು. ಅವರಲ್ಲೊಬ್ಬರು ತಿರುಗಿ ಸಲಾಮ್ ಹೇಳಿದರು. ನೋಡಿದರೆ ಅದೇ ಗಲ್ಲಿಯವರು.